ಹೇಗಾಯಿತೆಂದು ಕೇಳದವಳು

ಆ ಬೀದಿಯಲ್ಲಿ ಯಾರ ಬಟ್ಟೆಯ ಮೇಲೆ ಏನು ಚೆಲ್ಲಿದರೂ ಮೊದಲು ಬಾಯಿಗೆ ಬರುತ್ತಿದ್ದ ಹೆಸರು ಸೋಪಕ್ಕ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಇಲ್ಲದೆ ಇರುತ್ತದೆಯೇ? ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಲಾಂಡ್ರಿಯಲ್ಲಿ ಮೂವತ್ತು ವರ್ಷ ನೀರಿನಲ್ಲೇ ಕೈಯಾಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮೊಬೈಲಿನ ಬೀಗ ಅವಳ ಬೆರಳಿಗೆ ತೆರೆದುಕೊಳ್ಳುತ್ತಲೇ ಇರಲಿಲ್ಲ. "ನನ್ನ ಬೆರಳಚ್ಚನ್ನೂ ನಾನೇ ಒಗೆದು ಹಾಕಿದೀನಿ. ನಾಳೆ ಕಳ್ಳತನ ಮಾಡಿದ್ರೂ ಯಾರೂ ಹಿಡಿಯೋಕಾಗಲ್ಲ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು.

ಕೆಲಸ ಕಲಿಸಿದವನು ಆ ಲಾಂಡ್ರಿಯ ಹಳೆಯ ಯಜಮಾನ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮುದುಕ. ರಕ್ತಕ್ಕೆ ತಣ್ಣೀರು, ಎಣ್ಣೆಗೆ ಸೀಮೆಸುಣ್ಣದ ಪುಡಿ, ತುಕ್ಕಿಗೆ ನಿಂಬೆರಸ, ಶಾಯಿಗೆ ಸ್ಪಿರಿಟ್ಟು ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದ. ಅದರ ಜೊತೆಗೆ ಇನ್ನೊಂದು ಕಟ್ಟಪ್ಪಣೆ ಇತ್ತು. "ಯಾತರ ಕಲೆ ಅಂತ ಕೇಳು. ಕೇಳ್ದೆ ಇದ್ರೆ ಬಟ್ಟೆ ಹಾಳಾಗುತ್ತೆ. ಹೇಗಾಯ್ತು ಅಂತ ಮಾತ್ರ ಅಪ್ಪಿತಪ್ಪಿಯೂ ಕೇಳ್ಬೇಡ. ಕೇಳಿದ್ರೆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕಲ್ಲ." ಮುದುಕ ಸತ್ತ. ಅವನ ಮಕ್ಕಳಿಗೆ ಕೊಳೆಬಟ್ಟೆಯ ವ್ಯಾಪಾರ ಬೇಡವಾಯಿತು. ಸೋಪಕ್ಕನೇ ಲಾಂಡ್ರಿ ನಡೆಸತೊಡಗಿದಳು. ಅಪ್ಪಣೆ ಮಾತ್ರ ಹಾಗೇ ಉಳಿಯಿತು.

ಒಬ್ಬ ದೊಡ್ಡ ಅಧಿಕಾರಿ ಆಗಾಗ ತನ್ನ ಅಂಗಿಯನ್ನು ತಾನೇ ಸುತ್ತಿಕೊಂಡು ಬರುತ್ತಿದ್ದ, ಡ್ರೈವರನ ಕೈಗೂ ಕೊಡುತ್ತಿರಲಿಲ್ಲ. "ಯಾತರ ಕಲೆ ಸಾರ್?" ಎಂದರೆ "ಟೊಮೆಟೊ ಸಾಸಮ್ಮ" ಎನ್ನುತ್ತಿದ್ದ. "ಆಗಲಿ ಸಾರ್" ಎಂದು ತೆಗೆದುಕೊಂಡು, ಒಳಗೆ ಹೋಗಿ ಲಿಪ್‌ಸ್ಟಿಕ್ಕಿಗೆ ಏನು ಹಾಕಬೇಕೋ ಅದನ್ನು ಹಾಕುತ್ತಿದ್ದಳು. ಅದೇ ಅಂಗಿಯನ್ನು ಅವನ ಹೆಂಡತಿ ಬಂದು ತೆಗೆದುಕೊಂಡು ಹೋಗುವಾಗ ಸೋಪಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಇದನ್ನು ಜನ ಅವಳ ದೊಡ್ಡ ಗುಣ ಎಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು.

ಇಸ್ತ್ರಿ ಮೇಜು ಗಿಡ್ಡಿಯದು. ಹೆಸರಿಗೆ ಮೋಸವಿಲ್ಲದ ಹಾಗೆ ಗಿಡ್ಡಿ. ಮೇಜು ಎಟುಕಲೆಂದು ಕಾಲ ಕೆಳಗೆ ಸೋಪಿನ ಮರದ ಪೆಟ್ಟಿಗೆ ಹಾಕಿಕೊಂಡು ನಿಲ್ಲುತ್ತಿದ್ದಳು. ನಾಲಿಗೆ ಮಾತ್ರ ಉದ್ದ. ಹನ್ನೆರಡು ವರ್ಷದ ಹಿಂದೆ ಕೆಲಸ ಕೇಳಿಕೊಂಡು ಬಂದವಳು, ಒಂದು ವಾರವೂ ತುಂಬಿರಲಿಲ್ಲ, ಯಜಮಾನಿಗೇ "ನಗೋವಾಗ ಬಾಯಿಗೆ ಯಾಕೆ ಕೈ ಅಡ್ಡ ಹಿಡೀತೀಯಾ? ಹಲ್ಲು ಚೆನ್ನಾಗೇ ಇದೆಯಲ್ಲ" ಎಂದುಬಿಟ್ಟಳು. ತನ್ನ ಹಲ್ಲನ್ನು ಅಷ್ಟು ವರ್ಷ ಯಾರೂ ನೋಡಿಯೇ ಇರಲಿಲ್ಲವೆಂದು ಸೋಪಕ್ಕನಿಗೆ ಹೊಳೆದದ್ದು ಆಗಲೇ. ಆ ವರ್ಷ ಮುಗಿಯುವುದರೊಳಗೆ ಇಬ್ಬರೂ ಲಾಂಡ್ರಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು.

ಲಾಂಡ್ರಿಗೂ ಮನೆಗೂ ಒಬ್ಬರೇ ಮಾಲೀಕರು. ಬೀಗದ ಕೈ ಕೊಡುವಾಗ ಅವರು ಗಿಡ್ಡಿಯ ಕಡೆ ಕತ್ತು ತಿರುಗಿಸಿ, "ಇವಳು ನಿನಗೆ ಏನಾಗಬೇಕು?" ಎಂದು ಕೇಳಿದ್ದರು. "ದೊಡ್ಡಮ್ಮನ ಮಗಳು" ಎಂಬ ಮಾತು ಸೋಪಕ್ಕನ ಬಾಯಿಂದ ತಾನಾಗಿಯೇ ಜಾರಿತು. ಅಲ್ಲಿಂದ ಮುಂದೆ ಅವರು ಅಕ್ಕ ತಂಗಿ. ಪಕ್ಕದ ಬೇಕರಿಯ ಯಜಮಾನಿಯಂತೂ ಒಂದು ಹೆಜ್ಜೆ ಮುಂದೆ ಹೋಗಿ, "ಇಬ್ಬರ ಮೂಗೂ ಥೇಟ್ ಒಂದೇ, ಯಾರು ಬೇಕಾದ್ರೂ ಹೇಳಬಹುದು ಒಂದೇ ಮನೆತನ ಅಂತ" ಎಂದು ಬನ್ನು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು. ಸೋಪಕ್ಕನದು ನೀಳ ಮೂಗು, ಗಿಡ್ಡಿಯದು ಗುಂಡಿ ಹೊಲಿದ ಹಾಗಿದ್ದ ಮೂಗು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಗಿಡ್ಡಿ ತನ್ನ ಮೂಗನ್ನು ಎಳೆದು ಎಳೆದು, "ಸೋಪೂ, ಇನ್ನೊಂದು ಸ್ವಲ್ಪ ಎಳೆದ್ರೆ ದೊಡ್ಡಮ್ಮನ ಮಗಳಾಗ್ತೀನಾ ನೋಡು" ಎನ್ನುತ್ತಿದ್ದಳು.

ಒಳಗೆ ಅವರು ಗಂಡ ಹೆಂಡತಿಯ ಹಾಗೆ ಬಾಳುತ್ತಿದ್ದರು ಎನ್ನಬಹುದಿತ್ತು. ಆದರೆ ಆ ಬೀದಿಯ ಗಂಡ ಹೆಂಡಿರು ಬಾಳುತ್ತಿದ್ದ ಚಂದ ನೋಡಿದರೆ ಆ ಮಾತು ಇವರಿಗೆ ಅವಮಾನ. ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಎತ್ತಿಕೊಂಡು ತಿನ್ನುತ್ತಿದ್ದರು. ದಿನವಿಡೀ ನಿಂತ ಗಿಡ್ಡಿಯ ಕಾಲನ್ನು ಸೋಪಕ್ಕ ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ಹೊರಗೆ ಮಾತ್ರ ಇಬ್ಬರ ನಡುವೆ ಒಂದು ಮೊಳ ಜಾಗ ಬಿಟ್ಟೇ ನಡೆಯುತ್ತಿದ್ದರು.

ಸೋಪಕ್ಕನಿಗೆ ಒಂದು ಭಯ ಇತ್ತು. ಅವಳು ಗಿಡ್ಡಿಗಿಂತ ಏಳು ವರ್ಷ ದೊಡ್ಡವಳು. ಗಿಡ್ಡಿಯ ಸ್ವಂತ ಅಕ್ಕ ಪ್ರತಿ ಸಲ ಫೋನು ಮಾಡಿದಾಗಲೂ "ಇನ್ನೂ ಕಾಲ ಮಿಂಚಿಲ್ಲ, ಒಂದು ಒಳ್ಳೆ ಗಂಡು ನೋಡ್ತೀವಿ" ಎಂದೇ ಮಾತು ಮುಗಿಸುತ್ತಿದ್ದಳು. ಗಿಡ್ಡಿ ಕೇಳಿ ನಗುತ್ತಿದ್ದಳು. ಸೋಪಕ್ಕನೂ ನಗುತ್ತಿದ್ದಳು, ಆದರೆ ಅವತ್ತು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳುತ್ತಿದ್ದಳು. ಇವಳು ಒಂದು ದಿನ ಯಾರದೋ ಕೈ ಹಿಡಿದು ಹೊರಟುಬಿಡುತ್ತಾಳೆ ಎಂಬ ಯೋಚನೆ ಒಳಗೊಳಗೇ ಕೊರೆಯುತ್ತಿತ್ತು. ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ಗಿಡ್ಡಿ ಬೆನ್ನಿಗೊಂದು ಗುದ್ದಿ ಬುದ್ಧಿ ಹೇಳುತ್ತಿದ್ದಳು. ಕೇಳುವ ಅಭ್ಯಾಸವೇ ಅವಳಿಗೆ ಇರಲಿಲ್ಲವಲ್ಲ.

ಮಾಲೀಕರಿಗೆ ಒಬ್ಬ ಭಾವಮೈದ ಇದ್ದ. ಅಕ್ಕನ ಗಂಡನ ಆಸ್ತಿಪಾಸ್ತಿ ನೋಡಿಕೊಂಡು ಎರಡು ಬೀದಿಯಾಚೆ ಅವರದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಇದ್ದವನು. ಯಾವಾಗಲೂ ಬಿಳಿ ಅಂಗಿ, ಬಾಯಿ ತುಂಬ ಮಾತು. ಒಂದು ಬೆಳಿಗ್ಗೆ ಬಾಡಿಗೆಗೆಂದು ಬಂದವನು ಒಳಗಿನ ಕೋಣೆಗೆ ಇಣುಕಿ ನೋಡಿದ. ಅಲ್ಲಿ ಇದ್ದದ್ದು ಒಂದೇ ಹಾಸಿಗೆ, ಅದರ ಮೇಲೆ ಜೋಡಿ ದಿಂಬು. ನಕ್ಕ, ಅಷ್ಟೇ.

ಅವನ ಅಂಗಿಗಳನ್ನು ಗಿಡ್ಡಿಯೇ ಸೈಕಲ್ಲಿನಲ್ಲಿ ಒಯ್ದು ಕೊಡುತ್ತಿದ್ದಳು. ಹಾಗೆ ಹೋದವಳು ಅವತ್ತು ಮಧ್ಯಾಹ್ನ ಬಹಳ ತಡವಾಗಿ ಬಂದಳು, ಸೈಕಲ್ಲನ್ನು ತಳ್ಳಿಕೊಂಡು. ಮೊಣಕೈ ತರಚಿತ್ತು. "ಬಿದ್ದೆ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟೋ ಹೊತ್ತು ನೀರಿನ ಸದ್ದು ಬಂತು. ಹೊರಗೆ ಬಂದವಳು ಊಟ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬಚ್ಚಲಲ್ಲಿ ಬಕೆಟ್ಟು ಇತ್ತು. ಗಿಡ್ಡಿಯ ಹಳದಿ ಅಂಗಿ, ಅವಳ ಒಳಬಟ್ಟೆಗಳು ಅದರಲ್ಲಿ ನೆನೆದಿದ್ದವು. ಸೋಪಕ್ಕ ಕೈ ಅದ್ದಿದಳು. ನೀರು ಸುಡುತ್ತಿತ್ತು. ಹನ್ನೆರಡು ವರ್ಷ ಲಾಂಡ್ರಿಯಲ್ಲಿದ್ದವಳು ರಕ್ತದ ಕಲೆಗೆ ಬಿಸಿನೀರು ಸುರಿದಿದ್ದಾಳೆ! ಬಿಸಿ ತಾಗಿದರೆ ರಕ್ತ ನೂಲಿನೊಳಗೇ ಕೂತುಬಿಡುತ್ತದೆಂದು ಗಿಡ್ಡಿಗೆ ಗೊತ್ತಿಲ್ಲದ ವಿಷಯವೇ? ಆಗಲೇ ಸೋಪಕ್ಕ ಬಟ್ಟೆ ಅಲ್ಲೇ ಬಿಟ್ಟು ಹೋಗಿ ಆ ಬೆನ್ನ ಮೇಲೆ ಕೈಯಿಡಬೇಕಿತ್ತು. ಅವಳು ಮಾಡಿದ್ದು ಬಟ್ಟೆಯನ್ನು ಅವಸರದಿಂದ ತಣ್ಣೀರಿಗೆ ಎತ್ತಿ ಹಾಕಿದ್ದು. ಕೈಗೆ ಅಂಟಿದ್ದ ಕಸುಬು, ಮನಸ್ಸಿಗಿಂತ ಮೊದಲು ಓಡಿತು.

ತಣ್ಣೀರಿನಲ್ಲಿ ಉಜ್ಜುವಾಗ ಅವಳಿಗೆ ತಿಳಿಯಿತು. ಕಲೆ ಎರಡು ಬಗೆಯದು. ಒಂದು ರಕ್ತ, ಅದು ಮೊಣಕೈಯದು ಇದ್ದೀತು ಎಂದುಕೊಳ್ಳಲು ನೋಡಿದಳು. ಇನ್ನೊಂದು ಯಾವುದೆಂದು, ಮೂವತ್ತು ವರ್ಷ ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡಸಿನದು. ಅವಳು ಬಚ್ಚಲ ಕಲ್ಲಿನ ಮೇಲೆ ಕುಳಿತಳು. ಯಾವುದಕ್ಕೆ ಹನ್ನೆರಡು ವರ್ಷ ಹೆದರಿದ್ದಳೋ ಅದು ಆಗಿಹೋಗಿದೆ, ಗಿಡ್ಡಿ ಒಬ್ಬ ಗಂಡಸಿನ ಹತ್ತಿರ ಹೋಗಿದ್ದಾಳೆ ಎಂದೇ ಅವಳ ಬುದ್ಧಿ ಓಡಿತು. ಮತ್ತೊಂದು ಅವಳಿಗೆ ಹೊಳೆಯಲೇ ಇಲ್ಲ. ಭಯ ಒಂದು ಕಡೆ ತಿರುಗಿ ಕೂತರೆ ಮನುಷ್ಯ ಕಣ್ಣಿದ್ದೂ ಕುರುಡ.

ಆಮೇಲೆ ಒಗೆದಳು. ಉಪ್ಪು ಹಾಕಿ, ಔಷಧ ಹಾಕಿ, ಅಂಚು ಅಂಚು ಹಿಡಿದು ಒಗೆದಳು. ಸಿಟ್ಟು, ಸಂಕಟ ಎಲ್ಲವನ್ನೂ ಬೆರಳಿಗೆ ತಂದುಕೊಂಡು ಉಜ್ಜಿದಳು. ಕಣ್ಣಿಗೆ ಕಾಣದಿದ್ದರೆ ಆಗಿಯೇ ಇಲ್ಲವೆಂದು ಬಾಳಬಹುದು ಎಂಬ ಹುಚ್ಚು ಲೆಕ್ಕ. ಕಂಕುಳಲ್ಲಿ ಬಿಟ್ಟಿದ್ದ ಹೊಲಿಗೆಯನ್ನೂ ಹಾಕಿದ ಮೇಲೆ ಹಳದಿ ಅಂಗಿ ಅಂಗಡಿಯಿಂದ ಈಗ ತಂದ ಹಾಗಾಯಿತು. ಅವಳ ಇಡೀ ಬಾಳಿನಲ್ಲಿ ಅಷ್ಟು ಚೆನ್ನಾಗಿ ಒಗೆದ ಬಟ್ಟೆ ಇನ್ನೊಂದಿಲ್ಲ.

ಅಲ್ಲಿಂದ ಎರಡು ತಿಂಗಳು ಆ ಮನೆಯಲ್ಲಿ ಮಾತು ಅಂದರೆ "ಕದ ಹಾಕು", "ನೀರು ಬಂತು", "ಅನ್ನ ಇದೆ". ಸೋಪಕ್ಕ ಗಿಡ್ಡಿಯ ಕಾಲು ಒತ್ತುವುದನ್ನು ಬಿಟ್ಟಳು. ಗಿಡ್ಡಿಯೂ ಹತ್ತಿರ ಬರಲಿಲ್ಲ. ಗುಂಡಿ ಮೂಗಿನ ಜೋಕು ನಿಂತಿತು. ಹಳದಿ ಅಂಗಿ ಮೊಳೆಗೆ ನೇತುಬಿದ್ದಿದ್ದು ಅಲ್ಲೇ ಇತ್ತು, ಗಿಡ್ಡಿ ಅದನ್ನು ಮುಟ್ಟಲಿಲ್ಲ. ಹೊಸ ಗೆಳೆಯ ಕೊಡಿಸಿದ ಬಟ್ಟೆ ಬರುತ್ತದೇನೋ ಎಂದು ಸೋಪಕ್ಕ ಕಾದಳು. ಎಂಥ ಮಾತು! ಆ ಹೆಣ್ಣು ಎದುರಿಗೇ ದಿನೇ ದಿನೇ ಸೊರಗಿ ಕಡ್ಡಿಯಾಗುತ್ತಿದ್ದಳು.

ಒಂದು ಬೆಳಿಗ್ಗೆ ಭಾವಮೈದ ಕೈಯಲ್ಲಿ ಅಂಗಿಗಳ ಗಂಟು ಹಿಡಿದು ತಾನೇ ಲಾಂಡ್ರಿಗೆ ಬಂದ. "ಏನಕ್ಕಾ, ನಿಮ್ಮ ತಂಗಿ ಈಗೀಗ ನಮ್ಮ ಕಡೆ ಬರೋದೇ ಇಲ್ಲ? ನಮ್ಮ ಮೇಲೆ ಕೋಪನಾ?" ಎಂದು ಇಸ್ತ್ರಿ ಮೇಜಿನ ಕಡೆ ನೋಡಿ ನಕ್ಕ. ಗಿಡ್ಡಿ ಇಸ್ತ್ರಿಪೆಟ್ಟಿಗೆಯನ್ನು ಒಂದು ಅಂಗಿಯ ಮೇಲೆ ಇಟ್ಟವಳು ಇಟ್ಟ ಹಾಗೇ ನಿಂತಳು. ಹೊಗೆ ಎದ್ದಿತು. ಕಮಟು ವಾಸನೆ ಅಂಗಡಿ ತುಂಬಿದರೂ ಅವಳ ಕೈ ಮೇಲೆ ಬರಲಿಲ್ಲ. ಸೋಪಕ್ಕ ಓಡಿಹೋಗಿ ಪೆಟ್ಟಿಗೆಯನ್ನು ಕಿತ್ತುಕೊಂಡಳು. "ಕಣ್ಣು ಎಲ್ಲಿಟ್ಟಿದೀಯೇ? ಗಿರಾಕಿ ಮುಂದೆ ಮಾನ ಕಳೀತೀಯಲ್ಲ!" ಎಂದು ಗದರಿದಳು. ಭಾವಮೈದನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಸಾರ್, ಅವಳಿಗೆ ಮೈ ಹುಷಾರಿಲ್ಲ. ನಾಳೆ ನಾನೇ ತಂದುಕೊಡ್ತೀನಿ" ಎಂದು ಕೈ ಮುಗಿದಳು. ಹೌದು, ಅವನಿಗೆ ಕೈ ಮುಗಿದಳು. ಆ ಕೈಗಳನ್ನು ನೆನೆಸಿಕೊಂಡರೆ ಅವಳಿಗೆ ಇವತ್ತಿಗೂ ಮೈ ಉರಿಯುತ್ತದೆ.

ಅವನು ಹೋದ ಮೇಲೆ ಗಿಡ್ಡಿ ತನ್ನ ಮರದ ಪೆಟ್ಟಿಗೆಯಿಂದ ಕೆಳಗಿಳಿದು ಮೇಜಿನ ಕಾಲಿಗೆ ಒರಗಿ ಕುಳಿತಳು.

"ಅವನೇ" ಎಂದಳು.

"ಏನು ಅವನೇ?"

"ಅವತ್ತು ನಾನು ಸೈಕಲ್ಲಿಂದ ಬೀಳಲಿಲ್ಲ. ಅವನೇ. ಬಾಗಿಲು ಹಾಕ್ಕೊಂಡ. ನಿಮ್ಮಂಥವರಿಗೆ ಗಂಡಸು ಅಂದ್ರೆ ಏನು ಅಂತ ಗೊತ್ತಿಲ್ಲ, ಅದಕ್ಕೇ ಹೀಗಿದೀರಿ, ನಾನು ಸರಿ ಮಾಡ್ತೀನಿ ಅಂದ. ಬಾಯಿ ಬಿಟ್ರೆ ನೀವು ಎಂಥ ಅಕ್ಕ ತಂಗಿ ಅಂತ ಬೀದಿಗೆಲ್ಲ ಹೇಳ್ತೀನಿ, ಅಂಗಡಿನೂ ಇಲ್ಲ ಮನೆನೂ ಇಲ್ಲ ಅಂದ."

ಸೋಪಕ್ಕ ಅಂಗಡಿಯ ಬಾಗಿಲು ಎಳೆದಳು. ಗಿಡ್ಡಿಯ ಎದುರು ನೆಲದ ಮೇಲೆ ಕುಕ್ಕರಿಸಿದಳು, ಮುಟ್ಟಲೋ ಬೇಡವೋ ತಿಳಿಯದೆ ಕೈಯನ್ನು ಅರ್ಧಕ್ಕೇ ಹಿಡಿದಳು. "ಯಾರಿಗೂ ಹೇಳಲಿಲ್ವೇನೇ?"

"ನಮ್ಮಕ್ಕನಿಗೆ ಫೋನಲ್ಲಿ ಹೇಳ್ದೆ. ಗಂಡು ದಿಕ್ಕಿಲ್ದೆ ಇದ್ರೆ ಇನ್ನೇನಾಗುತ್ತೆ, ಇನ್ನಾದ್ರೂ ಆ ಹೆಂಗಸನ್ನ ಬಿಟ್ಟು ಬಾ ಅಂದ್ಳು."

ಒಡಹುಟ್ಟಿದವಳ ಬಾಯಲ್ಲಿ ಬಂದ ಮಾತು ಇದು. ಹಲ್ಲೆ ಮಾಡಿದವನೂ ಸಮಾಧಾನ ಹೇಳಬೇಕಾದವಳೂ ಸೇರಿ ಒಂದೇ ಪಾಠ ಒಪ್ಪಿಸಿದರೆ ಆ ಹೆಣ್ಣು ಮೂರನೆಯವರ ಹತ್ತಿರ ಬಾಯಿ ತೆರೆದಾಳೆಯೇ?

"ನನಗೆ ಹೇಳಬಾರದಿತ್ತಾ?" ಎಂದಳು ಸೋಪಕ್ಕ.

"ನೀನು ಮುಖ ಕೊಟ್ಟು ಮಾತಾಡ್ತಿರಲಿಲ್ಲ. ಬಕೆಟ್ಟಲ್ಲಿ ಹಾಕಿದ್ದನ್ನ ನೀನೇ ಒಗೆದಿದ್ದೆ. ಕಲೆ ಕಂಡುಬಿಟ್ಟಿದೆ, ನನ್ನ ಮೈ ನೋಡಿದ್ರೆ ಇವಳಿಗೆ ಅಸಹ್ಯ ಆಗುತ್ತೆ ಅಂದ್ಕೊಂಡೆ." ಗಿಡ್ಡಿ ಮೊದಲ ಸಲ ತಲೆಯೆತ್ತಿದಳು. "ಕಂಡಿತ್ತಾ?"

ದೊಡ್ಡಮ್ಮನ ಮಗಳು ಎಂದದ್ದು ಮೊದಲನೆಯ ಸುಳ್ಳು. ಆಗ ಸೋಪಕ್ಕ ಎರಡನೆಯದನ್ನು ಹೇಳಿದಳು. "ಇಲ್ಲ ಕಣೇ. ನಾನು ನೋಡ್ಲೇ ಇಲ್ಲ. ಎಲ್ಲದರ ಜೊತೆ ಮೆಷೀನಿಗೆ ತುಂಬಿಬಿಟ್ಟೆ. ಬಾಡಿಗೆ ಚಿಂತೇಲಿ ನನ್ನ ತಲೇನೇ ಸರಿ ಇರಲಿಲ್ಲ." ಗಿಡ್ಡಿ ಉಸಿರು ಬಿಟ್ಟು ಅವಳ ಭುಜಕ್ಕೆ ತಲೆಯಿಟ್ಟಳು. ಎರಡು ತಿಂಗಳಾದ ಮೇಲೆ.

ಮಾರನೆಯ ದಿನ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲೂ ಒಂದು ಮಾತು ಕಾದಿತ್ತು. ಚೀಟಿ ಬರೆಯುವವನು ಗಟ್ಟಿಯಾಗಿ "ಮದುವೆ ಆಗಿದೆಯಾ? ಗಂಡ ಎಲ್ಲಿ?" ಎಂದು ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಕೇಳಿದ. ಆದರೆ ಒಳಗಿದ್ದ ಕೌನ್ಸೆಲರಮ್ಮ ಬೇರೆ ಥರದವರು. ನರೆತ ಕೂದಲು, ತೇಪೆ ಹಾಕಿದ ಚಪ್ಪಲಿ, ಕಡಿಮೆ ಮಾತು. ಸೋಪಕ್ಕನನ್ನು ನೋಡಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು. ಇಬ್ಬರೂ ಒಟ್ಟಿಗೇ ತಡವರಿಸಿದ್ದು ಕಂಡು, "ಅದಿರಲಿ ಬಿಡಿ. ನಿಮಗೆ ಬೇಕಾದವರು, ಅಲ್ವಾ? ಅಷ್ಟು ಸಾಕು. ಇಲ್ಲೇ ಇರಲಿ" ಎಂದು ಗಿಡ್ಡಿಗೆ ಹೇಳಿ ಇನ್ನೊಂದು ಕುರ್ಚಿ ಎಳೆದರು. ಗಿಡ್ಡಿ ಅತ್ತದ್ದು ಆ ಕುರ್ಚಿ ಎಳೆದ ಸದ್ದಿಗೆ.

ಪೊಲೀಸರಿಗೆ ದೂರು ಕೊಡುವುದು ಗಿಡ್ಡಿಯ ತೀರ್ಮಾನ. "ಬೀದಿಗೆ ಗೊತ್ತಾದ್ರೆ ಆಗ್ಲಿ. ಅವನು ಇನ್ನೊಂದು ಸಲ ಅಂಗಡಿಗೆ ಬಂದು ನಕ್ಕರೆ ನಾನು ಬದುಕಲ್ಲ" ಎಂದಳು. ಕೌನ್ಸೆಲರಮ್ಮನೇ ಜೊತೆಗೆ ಬಂದರು. ಠಾಣೆಯ ಹೊರಗಿನ ಬೆಂಚಿನಲ್ಲಿ ಕಾಯುವಾಗ ಗಿಡ್ಡಿ ಸೋಪಕ್ಕನ ಸುಕ್ಕುಬೆರಳು ಹಿಡಿದುಕೊಂಡಳು. ಹೊರಗೆ, ಹತ್ತು ಜನರ ಕಣ್ಣೆದುರಿಗೆ, ಅದು ಮೊದಲ ಸಲ. "ಒಂದೇ ಸಮಾಧಾನ ಕಣೇ ಸೋಪು. ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ನೀನು ಸುಮ್ನಿದ್ದೆ ಅಂತ ಆಗಿದ್ರೆ ನಾನು ಅವತ್ತೇ ಏನಾದ್ರೂ ಮಾಡ್ಕೊಂಡುಬಿಡ್ತಿದ್ದೆ" ಎಂದಳು. ಸೋಪಕ್ಕ ಎದುರಿನ ಗೋಡೆ ನೋಡುತ್ತ ಕುಳಿತಳು.

ಇನ್ಸ್‌ಪೆಕ್ಟರಮ್ಮ ಕೆಟ್ಟವಳೇನಲ್ಲ. ದಣಿದಿದ್ದವಳು, ನೇರ ಮಾತಿನವಳು. ಗಿಡ್ಡಿ ಹೇಳಿದ್ದನ್ನೆಲ್ಲ ಬರೆಸಿಕೊಂಡ ಮೇಲೆ ಹಣೆ ಉಜ್ಜಿಕೊಂಡಳು. "ನೋಡಮ್ಮ, ನಾನು ನಂಬ್ತೀನಿ. ಕೋರ್ಟು ಕೇಳೋದು ಬೇರೆ. ಎರಡು ತಿಂಗಳಾಗಿದೆ. ಡಾಕ್ಟರಿಗೆ ಈಗ ಏನೂ ಸಿಕ್ಕಿಲ್ಲ. ಅವನನ್ನ ಕೇಳಿದ್ರೆ, ಆ ಹೆಂಗಸು ಅವತ್ತು ನನ್ನ ಕೋಣೆಗೇ ಬರಲಿಲ್ಲ ಅಂದುಬಿಡ್ತಾನೆ. ಅವತ್ತು ಹಾಕಿದ್ದ ಬಟ್ಟೆ ಎಲ್ಲಿ?"

"ಒಗೆದಾಯ್ತು ಮೇಡಂ" ಎಂದಳು ಗಿಡ್ಡಿ.

"ಯಾರು ಒಗೆದದ್ದು?"

"ನಾನು" ಎಂದಳು ಸೋಪಕ್ಕ.

"ಒಗೆಯುವಾಗ ಏನಾದ್ರೂ ಕಂಡ್ರಾ? ಅವತ್ತೇ ಕಣ್ಣಾರೆ ಕಂಡವರು ಒಬ್ಬರಿದ್ರೆ ಈ ಕೇಸಿಗೆ ಒಂದು ಕಾಲು ಸಿಗುತ್ತೆ. ಇಲ್ಲಾಂದ್ರೆ ಇವರ ಮಾತು, ಅವನ ಮಾತು, ಅಷ್ಟೇ."

"ಇಲ್ಲ ಮೇಡಂ, ಅವಳು ಮೆಷೀನಿಗೆ..." ಎಂದು ಗಿಡ್ಡಿ ಶುರು ಮಾಡಿದಳು.

ಇಲ್ಲ ಎಂದುಬಿಟ್ಟರೆ ಗಿಡ್ಡಿ ಮನೆಗೆ ಬರುತ್ತಾಳೆ, ಮತ್ತೆ ಭುಜಕ್ಕೆ ತಲೆಯಿಡುತ್ತಾಳೆ. ಭಾವಮೈದ ಬಿಳಿ ಅಂಗಿ ತೊಟ್ಟು ಅದೇ ಬೀದಿಯಲ್ಲಿ ತಿರುಗುತ್ತಾನೆ. ಹೌದು ಎಂದರೆ ಗಿಡ್ಡಿಗೆ ಸಾಕ್ಷಿ ಸಿಗುತ್ತದೆ, ಅವಳ ಒಂದೇ ಸಮಾಧಾನ ಹೋಗುತ್ತದೆ. ಸೋಪಕ್ಕ ಗಿಡ್ಡಿಯ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ.

"ಮೆಷೀನಿಗೆ ಹಾಕ್ಲಿಲ್ಲ ಮೇಡಂ. ಕೈಯಲ್ಲೇ ಒಗೆದೆ."

ಅಲ್ಲಿಯವರೆಗೆ ಹಿಡಿದೇ ಇದ್ದ ಗಿಡ್ಡಿಯ ಕೈ ಅವಳ ಬೆರಳನ್ನು ಬಿಟ್ಟಿತು.

"ಕಲೆ ಇತ್ತು. ಎರಡು ಥರದ್ದು. ರಕ್ತ ಇತ್ತು. ಇನ್ನೊಂದು ಗಂಡಸಿನದು. ನಾನು ಮೂವತ್ತು ವರ್ಷದಿಂದ ಒಗೀತಿದೀನಿ, ನನಗೆ ಅದರಲ್ಲಿ ತಪ್ಪಾಗಲ್ಲ. ಅಂಗಿ ಎಲ್ಲಿ ಹರಿದಿತ್ತು ಅಂತಾನೂ ಹೇಳ್ತೀನಿ, ಎಡಗಡೆ ಕಂಕುಳ ಹೊಲಿಗೆ ಬಿಟ್ಟಿತ್ತು. ಅದನ್ನ ನಾನೇ ಹೊಲಿದೆ."

"ಮತ್ತೆ ತಂಗಿಯನ್ನ ಏನಾಯ್ತು ಅಂತ ಕೇಳಲೇ ಇಲ್ವಾ?"

"ತಂಗಿ ಅಲ್ಲ ಮೇಡಂ."

"ಮತ್ತೆ ಏನಾಗಬೇಕು?"

ದೊಡ್ಡಮ್ಮನ ಮಗಳಿಗೆ ಮಾತಿದೆ, ಸೋದರತ್ತೆಯ ನಾದಿನಿಗೂ ಮಾತಿದೆ. ಇದಕ್ಕೊಂದು ಮಾತು ಸೋಪಕ್ಕನಿಗೆ ಸಿಗಲಿಲ್ಲ. "ಹನ್ನೆರಡು ವರ್ಷದಿಂದ ಒಟ್ಟಿಗೆ ಬಾಳ್ತಿದೀವಿ" ಎಂದಳು. "ನನಗಿರೋದು ಇವಳೊಬ್ಬಳೇ. ಇವಳು ಯಾರ ಜೊತೆಗೋ ಹೋದಳು ಅಂದ್ಕೊಂಡೆ. ಹೊಟ್ಟೆಕಿಚ್ಚಿಗೆ ಒಗೆದೆ ಮೇಡಂ. ಕೇಳಲಿಲ್ಲ."

ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ ಇಬ್ಬರನ್ನೂ ಮಿಕಿಮಿಕಿ ನೋಡಿದ. "ಬರ್ಕೊಳ್ರೀ" ಎಂದು ಇನ್ಸ್‌ಪೆಕ್ಟರಮ್ಮ ಗದರಿದಳು. ಗಿಡ್ಡಿ ಅಳಲಿಲ್ಲ. ಕುಡಿಯಲು ನೀರು ಕೇಳಿದಳು, ಅಷ್ಟೇ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಗಿಡ್ಡಿ ನಿಂತಳು. "ಆ ಕಲೆ ತೆಗೆಯೋಕೆ ಎಷ್ಟು ಹೊತ್ತಾಯ್ತು ನಿನಗೆ?"

"ಒಂದು ಗಂಟೆ ಆಗಿರಬಹುದು."

"ಒಂದು ಗಂಟೆ ಅದನ್ನ ಕೈಯಲ್ಲಿ ಹಿಡ್ಕೊಂಡಿದ್ದೆ. ಗೋಡೆ ಆಚೆ ನಾನಿದ್ದೆ. ಒಂದು ಮಾತು ಕೇಳಬಹುದಿತ್ತಲ್ಲೇ."

ಗಿಡ್ಡಿ ಕೌನ್ಸೆಲರಮ್ಮನ ಜೊತೆ ಹೆಂಗಸರ ಹಾಸ್ಟೆಲಿಗೆ ಹೋದಳು, "ಸ್ವಲ್ಪ ದಿನ" ಎಂದು. ಸೋಪಕ್ಕ ಒಬ್ಬಳೇ ಮನೆಗೆ ನಡೆದಳು. ಅಭ್ಯಾಸಬಲ, ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟೇ ನಡೆದಳು.

ಭಾವಮೈದನನ್ನು ಹಿಡಿದರು. ವಾರ ಕಳೆಯುವುದರೊಳಗೆ ಜಾಮೀನಿನ ಮೇಲೆ ಬಂದ. ಕೇಸು ನಡೆಯುತ್ತಿದೆ, ನಡೆಯುತ್ತಲೇ ಇದೆ. ಅವನು ಹೇಳುತ್ತೇನೆಂದು ಹೆದರಿಸಿದ್ದನ್ನೆಲ್ಲ ಹೇಳಿದ. ಬೀದಿ ಬಾಯಿ ಚಪ್ಪರಿಸಿಕೊಂಡು ಕೇಳಿತು. ಮಾಲೀಕರು ಅಂಗಡಿ ಮನೆ ಎರಡೂ ಖಾಲಿ ಮಾಡಬೇಕೆಂದರು. ಟೊಮೆಟೊ ಸಾಸಿನ ಅಧಿಕಾರಿ, "ಇಂಥ ಕಡೆ ನಮ್ಮಂಥ ಮರ್ಯಾದಸ್ಥರು ಬಟ್ಟೆ ಕೊಡೋದು ಹೇಗೆ?" ಎಂದನಂತೆ. ಸೋಪಕ್ಕನಿಗೆ ಆ ದಿನಗಳಲ್ಲಿ ನಗು ಬಂದದ್ದು ಅದೊಂದೇ ಸಲ. ಬೇಕರಿಯ ಯಜಮಾನಿ ಒಂದು ವಾರ ಮುಖ ತಿರುಗಿಸಿಕೊಂಡೇ ಓಡಾಡಿದಳು. ಆಮೇಲೆ ಒಂದು ಪೊಟ್ಟಣ ಬನ್ನು ತಂದು ಕಟ್ಟೆಯ ಮೇಲೆ ಕುಕ್ಕಿ, "ಮೂಗು ಒಂದೇ ಥರ ಅಂತ ಊರಿಗೆಲ್ಲ ಸಾರಿದೆನಲ್ಲೇ ನಾನು, ನನಗಾದ್ರೂ ಹೇಳಬಾರದಿತ್ತಾ?" ಎಂದು ಅತ್ತಳು. "ಅವಳಿಗೆ ಕೊಡು, ಒಣಗಿ ಹೋಗ್ತಿದ್ಲು" ಎಂದೂ ಸೇರಿಸಿದಳು. ಕೊಡಲು ಅವಳು ಇರಲಿಲ್ಲ.

ಸೋಪಕ್ಕ ದಿನಾ ಹಾಸ್ಟೆಲಿನ ಬಾಗಿಲವರೆಗೆ ಹೋಗಿ ಗಿಡ್ಡಿಯ ಒಗೆದ ಬಟ್ಟೆ ಕೊಟ್ಟು ಬರುತ್ತಿದ್ದಳು. ಹೇಗಿದ್ದಾಳೆಂದು ಕಾವಲಿನವಳನ್ನು ಕೇಳಲೂ ಬಾಯಿ ಏಳುತ್ತಿರಲಿಲ್ಲ. ಕೇಳುವ ಹಕ್ಕನ್ನೇ ಕಳೆದುಕೊಂಡೆ ಎನ್ನಿಸಿತ್ತು ಅವಳಿಗೆ.

ಖಾಲಿ ಮಾಡುವ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಸೋಪಕ್ಕ ಕೊನೆಯ ಗಿರಾಕಿಯ ಚಾದರಗಳನ್ನು ತೊಟ್ಟಿಯಲ್ಲಿ ಅದ್ದುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಗಿಡ್ಡಿ. ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಳು. ಒಳಗೆ ಬಂದು ತನ್ನ ಮರದ ಪೆಟ್ಟಿಗೆಯ ಮೇಲೆ ಕುಳಿತಳು. ಮೊಳೆಯ ಕಡೆ ನೋಡಿದಳು. ಹಳದಿ ಅಂಗಿ ಅಲ್ಲಿರಲಿಲ್ಲ, ಪೊಲೀಸರು ಒಯ್ದಿದ್ದರು, ಅದರಲ್ಲಿ ಏನೂ ಸಿಕ್ಕಿರಲಿಲ್ಲ.

"ಅಲ್ಲಿ ಎಲ್ಲರೂ ಕೇಳಿದಾರೆ" ಎಂದಳು ಗಿಡ್ಡಿ. "ಡಾಕ್ಟರು ಕೇಳಿದ್ರು. ಪೊಲೀಸಿನವರು ಕೇಳಿದ್ರು, ಲಾಯರು ಕೇಳಿದ್ರು. ಎಲ್ಲರಿಗೂ ಹೇಳಿದೀನಿ. ನೀನೊಬ್ಬಳು ಕೇಳಿಲ್ಲ."

ಸೋಪಕ್ಕ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಒಂದು ಬಕೆಟ್ಟು ಬೋರಲು ಹಾಕಿ ಎದುರು ಕುಳಿತಳು. ಮುದುಕನ ಅಪ್ಪಣೆ ಮೂವತ್ತು ವರ್ಷದ್ದು, ಒಂದೇ ಸಲಕ್ಕೆ ಬಿಡಲಿಲ್ಲ.

"ಹೇಗಾಯ್ತೇ, ಗಿಡ್ಡೀ?"

ಗಿಡ್ಡಿ ಹೇಳಿದಳು. ಆ ದಿನ ಬೆಳಿಗ್ಗೆ ತಾನು ಹಳದಿ ಅಂಗಿಯನ್ನೇ ಯಾಕೆ ಹಾಕಿಕೊಂಡೆ ಎಂಬಲ್ಲಿಂದ ಶುರು ಮಾಡಿದಳು. ಹಿಂದಿನ ದಿನ ಸೋಪಕ್ಕ ಅದು ನಿನಗೆ ಒಪ್ಪುತ್ತದೆ ಎಂದಿದ್ದಳಂತೆ. ನಡುನಡುವೆ ನಿಲ್ಲಿಸಿದಳು, ಮತ್ತೆ ಹೇಳಿದಳು. ಬಚ್ಚಲಲ್ಲಿ ಬಿಸಿನೀರು ಸುರಿಯುವಾಗ ತಣ್ಣೀರು ಅಂತ ನೆನಪಿತ್ತು, ಆದರೆ ಸುಡಬೇಕು ಅನ್ನಿಸಿತು ಎಂದಳು. ಸೋಪಕ್ಕ ಒಂದು ಮಾತೂ ಅಡ್ಡ ಹಾಕದೆ ಕೇಳಿದಳು. ಅವಳ ಕಣ್ಣೀರು ಗದ್ದದಿಂದ ಇಳಿದು ಕೈ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲಿಲ್ಲ. ತೊಟ್ಟಿಯಲ್ಲಿ ಚಾದರಗಳು ನೆನೆಯುತ್ತಲೇ ಇದ್ದವು.

ಹೇಳಿ ಮುಗಿಸಿ ಗಿಡ್ಡಿ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

"ಮನೆಗೆ ಬರಲ್ವೇನೇ?"

"ಇವತ್ತು ಆಗಲ್ಲ."

"ನಾಳೆ?"

"ಗೊತ್ತಿಲ್ಲ." ಹೊಸ್ತಿಲ ಹತ್ತಿರ ಹೋದವಳು ತಿರುಗಿ ನಿಂತಳು. "ನಾಳೆ ಬಟ್ಟೆ ಕೊಡೋಕೆ ಬರ್ತೀಯಲ್ಲ. ಬಾಗಿಲಲ್ಲೇ ಕೊಟ್ಟು ಹೋಗ್ಬೇಡ. ಒಳಗೆ ಬಂದು, ಹೇಗಿದೀಯಾ ಅಂತ ಕೇಳು."